ಹತ್ತು ನಿಮಿಷಕ್ಕೆ ನಿಂತುಹೋಗುವ ಹುಲ್ಲಿನ ಮೆಷಿನ್



ಕಳೆದ ಮಳೆಗಾಲದ ಒಂದು ಭಾನುವಾರ ನಾದಿನಿಯ ಮನೆಗೆ ಹೋಗಿದ್ದೆ. ಪುತ್ತೂರಿನಿಂದ ಒಳಗಿನ ಹಳ್ಳಿ. ಬಸ್ಸಿಳಿದು ಸ್ವಲ್ಪ ದೂರ ನಡೆಯಬೇಕು. ಅಡಿಕೆ ತೋಟದ ಅಂಚಿನಲ್ಲಿ ಮನೆ. ಅವಳ ಗಂಡ ದಮ್ಮಾಮ್‌ನಲ್ಲಿದ್ದಾರೆ. ಮನೆಯಲ್ಲಿರುವುದು ಅವಳು, ವಯಸ್ಸಾದ ಅತ್ತೆ ಮತ್ತು ಇಬ್ಬರು ಮಕ್ಕಳು. ಅಂಗಳ ದಾಟಿ ಬಾವಿಯ ಕಡೆ ಹೆಜ್ಜೆ ಇಟ್ಟರೆ ಹುಲ್ಲು ನನ್ನ ಮೊಣಕಾಲನ್ನು ಮುಟ್ಟುತ್ತಿತ್ತು.

"ಅತ್ತಿಗೆ, ಆ ಕಡೆ ಹೋಗಬೇಡಿ. ಮೊನ್ನೆ ಅಲ್ಲೇ ಕನ್ನಡಿ ಹಾವು ಕಂಡಿದ್ದೇವೆ" ಎಂದಳು ನಾದಿನಿ. ಮಗ ಬೆಳಿಗ್ಗೆ ಮದ್ರಸಕ್ಕೆ ಹೊರಟಾಗ ಅವಳೇ ಕೋಲು ಹಿಡಿದು ರಸ್ತೆಯವರೆಗೆ ಮುಂದೆ ನಡೆಯುತ್ತಾಳಂತೆ. ನೀರು ಸೇದುವುದಕ್ಕೂ ಟಾರ್ಚ್, ಬಟ್ಟೆ ಒಣಗಿಸುವುದಕ್ಕೂ ಟಾರ್ಚ್.

"ಮೆಷಿನ್ ಇದೆಯಲ್ಲ?" ಎಂದು ಕೇಳಿದೆ.

ಮೆಷಿನ್ ಇದೆ. ಗಂಡ ರಜೆಯಲ್ಲಿ ಬಂದಿದ್ದಾಗ ಕೊಂಡದ್ದು. ಹೆಗಲಿಗೆ ಬೆಲ್ಟ್ ಹಾಕಿಕೊಂಡು ಹುಲ್ಲು ಹೆರೆಯುವ ಪೆಟ್ರೋಲ್ ಮೆಷಿನ್. ಅಂಗಡಿಯಲ್ಲಿ ಬ್ರಷ್ ಕಟ್ಟರ್ ಎನ್ನುತ್ತಾರೆ. ಕೂಲಿಗೆ ಬರುವ ಹುಡುಗ ಅದನ್ನು ಸ್ಟಾರ್ಟ್ ಮಾಡುತ್ತಾನೆ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಮತ್ತೆ ಯಾರೋ ಕತ್ತು ಹಿಸುಕಿದ ಹಾಗೆ ನಿಂತುಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಎಳೆದರೆ ಪುನಃ ಹತ್ತು ನಿಮಿಷ. ಹುಡುಗನ ಕೂಲಿ ಮಾತ್ರ ಪೂರ್ತಿ ದಿನದ್ದು. ಎರಡು ಸಲ ಹೀಗಾದ ಮೇಲೆ ಅವನು ಬರುವುದನ್ನೇ ಬಿಟ್ಟ.

ಪೇಟೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಆಟೋದಲ್ಲಿ ಕೊಂಡುಹೋಗಿ ಕೊಟ್ಟಳು. ಮೂರು ವಾರ ಅಲ್ಲೇ ಬಿದ್ದಿತ್ತು. ಕಾರ್ಬುರೇಟರ್ ಹೋಗಿದೆ ಎಂದು ಹೊಸತು ಹಾಕಿದರು. ಮನೆಗೆ ತಂದು ಸ್ಟಾರ್ಟ್ ಮಾಡಿದರೆ ಅದೇ ಹತ್ತು ನಿಮಿಷ! "ಹತ್ತು ನಿಮಿಷ ಓಡಿ ನಿಲ್ಲುತ್ತದೆ ಎಂದು ಅವರಿಗೆ ಹೇಳಿದ್ದೆಯಾ?" ಎಂದು ವಿಚಾರಿಸಿದೆ. ಹೇಳಿದ್ದಳಂತೆ. "ನಿಮಗೆ ಇದೆಲ್ಲ ತಿಳಿಯುವುದಿಲ್ಲ, ಮನೆಯ ಗಂಡಸರು ಯಾರಾದರೂ ಇದ್ದರೆ ಫೋನ್ ಮಾಡಿಸಿ" ಎಂಬ ಉತ್ತರ ಬಂತಂತೆ. ಗಂಡಸರು ದಮ್ಮಾಮ್‌ನಲ್ಲಿ ಕುಳಿತು ಈ ಮೆಷಿನ್ ಬಗ್ಗೆ ಏನು ಹೇಳಬಲ್ಲರು? ಅದು ನಿಲ್ಲುವುದನ್ನು ಕಣ್ಣಾರೆ ಕಂಡವಳು ಇವಳು.

ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ಅದಕ್ಕೂ ಮೊದಲು ಕಲಿತದ್ದು ಮದ್ರಸದಲ್ಲಿ. ಇಂಜಿನ್ನಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಶಾಲೆಯಲ್ಲಿ ತೋಟ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಮುಂದಿನ ಹುಲ್ಲುಹಾಸಿಗೆ ತಳ್ಳಿಕೊಂಡು ಹೋಗುವ ಲಾನ್ ಮೋವರ್, ಹಿಂದಿನ ಗುಡ್ಡೆಗೆ ಹೆಗಲಿನ ಮೆಷಿನ್, ಎರಡೂ ಅವರ ಕೈಯಲ್ಲಿ. ಶನಿವಾರ ಮಕ್ಕಳು ಹೋದ ಮೇಲೆ ನಾನು ಉತ್ತರ ಪತ್ರಿಕೆ ತಿದ್ದುತ್ತಾ ಜಗಲಿಯಲ್ಲಿ ಕುಳಿತರೆ ಅವರು ಎದುರಿಗೆ ಮೆಷಿನ್ ಬಿಚ್ಚಿಟ್ಟುಕೊಂಡು ಕುಳಿತುಕೊಳ್ಳುತ್ತಿದ್ದರು. "ಟೀಚರ್, ಇದು ಯಾವಾಗ ನಿಲ್ಲುತ್ತದೆ ಎಂದು ಹೇಳಿ. ಏನಾಗಿದೆ ಎಂದು ನಾನು ಹೇಳುತ್ತೇನೆ" ಎನ್ನುವುದು ಅವರ ವಾಡಿಕೆ. ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತಾಯಿತು.

ಸಹೋದರಿಯರೇ, ಸ್ಟಾರ್ಟೇ ಆಗದ ಮೆಷಿನ್ ಬೇರೆ, ಸ್ಟಾರ್ಟಾಗಿ ನಿಲ್ಲುವ ಮೆಷಿನ್ ಬೇರೆ. ಸ್ಟಾರ್ಟಾಯಿತು ಎಂದರೆ ಕಿಡಿ ಇದೆ, ಪೆಟ್ರೋಲ್ ಇದೆ, ಗಾಳಿ ಇದೆ ಎಂದರ್ಥ. ಓಡುತ್ತಿರುವಾಗ ಈ ಮೂರರಲ್ಲಿ ಯಾವುದೋ ಒಂದು ತಪ್ಪಿಹೋಗುತ್ತದೆ. ಯಾವುದು ಎಂಬುದನ್ನು ಅದು ನಿಲ್ಲುವ ಸಮಯವೇ ಹೆಚ್ಚಾಗಿ ತಿಳಿಸುತ್ತದೆ. ಆದ್ದರಿಂದ ಮೊದಲು ಬೇಕಾದ ಉಪಕರಣ ಪಾನಾ ಅಲ್ಲ, ಗಡಿಯಾರ.

ಕೆಲವೇ ಸೆಕೆಂಡುಗಳಲ್ಲಿ ನಿಂತರೆ ಮೊದಲು ಚೋಕ್ ನೋಡಿ. ತಣ್ಣಗಿರುವ ಇಂಜಿನ್ನಿಗೆ ಚೋಕ್ ಮುಚ್ಚಿ ಹಗ್ಗ ಎಳೆಯುತ್ತೇವೆ. ಅದು ಒಮ್ಮೆ ಗುರುಗುಟ್ಟಿದ ಮೇಲೆ ಚೋಕ್ ತೆರೆಯಬೇಕು. ತೆರೆಯದೆ ಬಿಟ್ಟರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿ ನಿಲ್ಲುತ್ತದೆ. ಮೆಷಿನ್ ಹಾಳಾಯಿತೆಂದು ಪೇಟೆಗೆ ಹೋಗುವ ಎಷ್ಟೋ ಮೆಷಿನ್‌ಗಳ ರೋಗ ಇಷ್ಟೇ ಎಂದು ಆ ಹಿರಿಯರು ನಗುತ್ತಿದ್ದರು. ಗಾಳಿಯ ಫಿಲ್ಟರ್ ಕಟ್ಟಿಕೊಂಡರೂ ಚೋಕ್ ಮುಚ್ಚಿದಂತೆಯೇ ಆಗುತ್ತದೆ. ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಸ್ಪಂಜು ಇರುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಇರುವಾಗ ಹಾಕಬೇಡಿ. ಅಡುಗೆಮನೆಯ ಚಿಮಣಿಯ ಜಾಲರಿ ತೊಳೆಯುವವರಿಗೆ ಇದು ಹೊಸ ಕೆಲಸವಲ್ಲ. ಫಿಲ್ಟರ್ ಕಾಗದದ್ದಾಗಿದ್ದರೆ ನೀರಿಗೆ ಹಾಕಬಾರದು. ತಟ್ಟಿ ಧೂಳು ತೆಗೆಯಬೇಕು, ಇಲ್ಲವೇ ಬದಲಿಸಬೇಕು.

ಓಡುತ್ತದೆ, ಆದರೆ ಹುಲ್ಲಿಗೆ ಬ್ಲೇಡ್ ತಾಗಿಸಿ ಆಕ್ಸಿಲೇಟರ್ ಒತ್ತಿದ ಕೂಡಲೇ ಉಸಿರು ಕಟ್ಟಿದಂತೆ ನಿಲ್ಲುತ್ತದೆಯೇ? ಹಾಗಿದ್ದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿ ತೂಕದ ಒಂದು ಪುಟ್ಟ ಫಿಲ್ಟರ್ ನೇತಾಡುತ್ತಿರುತ್ತದೆ. ತುದಿ ಬಗ್ಗಿಸಿದ ತಂತಿಯಿಂದ ಅದನ್ನು ಮೆಲ್ಲಗೆ ಹೊರಗೆಳೆಯಬಹುದು. ಕಪ್ಪಾಗಿ ಕೆಸರು ಹಿಡಿದಿದ್ದರೆ ಹೊಸತು ಹಾಕಿ. ಇಡೀ ಮೆಷಿನ್‌ನಲ್ಲಿ ಇದಕ್ಕಿಂತ ಅಗ್ಗದ ಭಾಗಗಳು ಕಡಿಮೆ. ಹಾಗೆಯೇ ಬ್ಲೇಡಿನ ಹಿಂದೆ, ಗೇರ್ ಇರುವ ಜಾಗದಲ್ಲಿ, ಹಸಿ ಹುಲ್ಲಿನ ನಾರು ಸುತ್ತಿಕೊಂಡು ತಿರುಗುವುದಕ್ಕೆ ಬಿಡದಿದ್ದರೂ ಇಂಜಿನ್ ಸೋತು ನಿಲ್ಲುತ್ತದೆ. ಮಳೆಗಾಲದಲ್ಲಿ ಇದು ದಿನನಿತ್ಯದ ಕತೆ. ಅದನ್ನು ಬಿಡಿಸುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ಪಾರ್ಕ್ ಪ್ಲಗ್ಗಿನ ಟೋಪಿ ಎಳೆದು ಬದಿಗಿಡಿ. ಟೋಪಿ ತೆಗೆಯದೆ ಯಾರೂ ಬ್ಲೇಡಿನ ಹತ್ತಿರ ಕೈ ಹಾಕಬಾರದು, ನಿಮ್ಮ ಮಗ ಎಷ್ಟೇ ಜಾಣನಾಗಿರಲಿ.

ಇನ್ನು ಕೆಲವು ಮೆಷಿನ್‌ಗಳು ಜೋರಾಗಿ ಓಡುತ್ತವೆ, ಆಕ್ಸಿಲೇಟರ್ ಬಿಟ್ಟರೆ ಮಾತ್ರ ನಿಲ್ಲುತ್ತವೆ. ಐಡಲ್ ಕಡಿಮೆಯಾಗಿರುತ್ತದೆ. ಅದಕ್ಕೊಂದು ಸ್ಕ್ರೂ ಇದೆ, ಸಾಮಾನ್ಯವಾಗಿ ಪಕ್ಕದಲ್ಲಿ ಇಂಗ್ಲಿಷಿನ ಟಿ ಅಕ್ಷರ ಇರುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ಆಕ್ಸಿಲೇಟರ್ ಮುಟ್ಟದಿರುವಾಗ ಬ್ಲೇಡ್ ತಿರುಗಲು ಆರಂಭಿಸಿದರೆ ಹೆಚ್ಚಾಯಿತು, ಹಿಂದಕ್ಕೆ ತನ್ನಿ. ಎಲ್ ಮತ್ತು ಎಚ್ ಎಂದು ಬರೆದಿರುವ ಸ್ಕ್ರೂಗಳ ತಂಟೆಗೆ ಹೋಗಬೇಡಿ. ಅವುಗಳನ್ನು ಅಂದಾಜಿಗೆ ತಿರುಗಿಸಿ ಇಂಜಿನ್ ಸುಟ್ಟುಕೊಂಡವರಿದ್ದಾರೆ.

ಈಗ ನಾದಿನಿಯ ಹತ್ತು ನಿಮಿಷಕ್ಕೆ ಬರುತ್ತೇನೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ನಿಂತು, ವಿಶ್ರಾಂತಿ ಕೊಟ್ಟರೆ ಪುನಃ ಓಡುವ ಮೆಷಿನ್‌ನಲ್ಲಿ ಸಂಶಯ ಬರಬೇಕಾದದ್ದು ಮುಖ್ಯವಾಗಿ ಎರಡರ ಮೇಲೆ. ಒಂದು, ಟ್ಯಾಂಕಿನ ಗಾಳಿರಂಧ್ರ. ಇನ್ನೊಂದು, ಕಿಡಿ ಕೊಡುವ ಕಾಯಿಲ್.

ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟು ಜಾಗಕ್ಕೆ ಹೊರಗಿನಿಂದ ಗಾಳಿ ಬರಬೇಕು. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಸುರಿಯಲು ನೋಡಿ, ತೊಟ್ಟು ತೊಟ್ಟಾಗಿ ಬಂದು ನಿಲ್ಲುತ್ತದೆ. ಎದುರು ಬದಿಗೆ ಇನ್ನೊಂದು ತೂತು ಮಾಡಿದರೆ ಧಾರಾಳವಾಗಿ ಬರುತ್ತದೆ. ನಾವೆಲ್ಲ ಮಾಡುವ ಕೆಲಸವೇ ಅಲ್ಲವೇ? ಮೆಷಿನ್‌ನ ಟ್ಯಾಂಕಿಗೂ ಅಂತಹ ಎರಡನೆಯ ತೂತು ಇರುತ್ತದೆ. ಕೆಲವದರಲ್ಲಿ ಮುಚ್ಚಳದಲ್ಲೇ, ಕೆಲವದರಲ್ಲಿ ಟ್ಯಾಂಕಿನ ಮೇಲಿನ ಸಣ್ಣ ಕೊಳವೆಯಲ್ಲಿ. ಹುಲ್ಲಿನ ಪುಡಿ, ಧೂಳು, ಎಣ್ಣೆ ಸೇರಿ ಅದು ಮುಚ್ಚಿಹೋದರೆ ಒಳಗೆ ಗಾಳಿ ಇಲ್ಲದೆ ಪೆಟ್ರೋಲ್ ಮುಂದಕ್ಕೆ ಹೋಗುವುದಿಲ್ಲ. ಮೊದಲ ಕೆಲವು ನಿಮಿಷ ಟ್ಯಾಂಕಿನೊಳಗಿನ ಗಾಳಿಯ ಮೇಲೆಯೇ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಗಾಳಿ ನುಗ್ಗುತ್ತದೆ. ಪುನಃ ಹತ್ತು ನಿಮಿಷ!

ಆ ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಪಕ್ಕದ ಮನೆಯ ಹುಡುಗನನ್ನು ಕರೆಸಿ ಮೆಷಿನ್ ಅಂಗಳಕ್ಕೆ ತರಿಸಿದೆವು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಇತ್ತು. ಸ್ಟಾರ್ಟಾಯಿತು. ನಾದಿನಿ ಗೋಡೆ ಗಡಿಯಾರ ನೋಡುತ್ತಾ ನಿಂತಳು, ಅವಳ ಅತ್ತೆ ಜಗಲಿಯಲ್ಲಿ ಕುಳಿತು "ನಿಮಗೇಕೆ ಈ ಉಸಾಬರಿ" ಎನ್ನುತ್ತಿದ್ದರು. ಹನ್ನೊಂದನೆಯ ನಿಮಿಷಕ್ಕೆ ನಿಂತಿತು. ಮೆಷಿನ್ ನೆಲದ ಮೇಲೆ ನೇರವಾಗಿಟ್ಟು, ಬಿಸಿಯಾದ ಸೈಲೆನ್ಸರಿನಿಂದ ಕೈ ದೂರ ಇಟ್ಟು, ಒಂದೆರಡು ನಿಮಿಷ ತಡೆದು, ಮುಚ್ಚಳವನ್ನು ತೆಗೆಯದೆ ಸ್ವಲ್ಪವೇ ಸಡಿಲಿಸಲು ಹುಡುಗನಿಗೆ ಹೇಳಿದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು! ಜಗಲಿಯಲ್ಲಿದ್ದ ಅತ್ತೆಗೂ ಕೇಳಿಸಿತು. ಮುಚ್ಚಳ ಬಿಗಿ ಮಾಡಿ ಹಗ್ಗ ಎಳೆದಾಗ ಮೊದಲ ಎಳೆತಕ್ಕೇ ಓಡಿತು.

ಮೆಷಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಸೂಜಿಮೊನೆಯಷ್ಟು ತೂತು, ಅದರ ತುಂಬ ಕಪ್ಪು ಮಡ್ಡಿ. ಪೆಟ್ರೋಲಿನಲ್ಲಿ ತೊಳೆದು ಊದಿ ಸರಿ ಮಾಡಿದೆವು. ಸೂಜಿ ಚುಚ್ಚಬಾರದು, ಒಳಗೆ ರಬ್ಬರಿನ ಸಣ್ಣ ವಾಲ್ವ್ ಇರುವುದುಂಟು, ಹರಿದರೆ ಪೆಟ್ರೋಲ್ ಸೋರುತ್ತದೆ. ವಾಲ್ವ್ ಸೆಟೆದಿದ್ದರೆ ಮುಚ್ಚಳವನ್ನೇ ಹೊಸತು ಹಾಕಬೇಕು.

ನಾದಿನಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಕಾರ್ಬುರೇಟರಿನ ಬಿಲ್ಲು ತಂದು ತೋರಿಸಿದಳು. ಮಗಳ ಶಾಲೆಯ ಬಸ್ಸಿಗೆಂದು ತೆಗೆದಿಟ್ಟ ಹಣವಂತೆ ಅದು.

ಮುಚ್ಚಳ ಸಡಿಲಿಸಿದಾಗ ಸದ್ದು ಬಾರದೆ, ಮೆಷಿನ್ ಓಡದೆ ಹೋಗಿದ್ದರೆ ಸಂಶಯ ಕಾಯಿಲಿನ ಕಡೆಗೆ ತಿರುಗುತ್ತಿತ್ತು. ಕಾಯಿಲ್ ದುರ್ಬಲವಾದರೆ ಬಿಸಿಯಾದಾಗ ಕಿಡಿ ನಿಲ್ಲುತ್ತದೆ, ತಣ್ಣಗಾದಾಗ ಮರಳುತ್ತದೆ. ಪೆಟ್ರೋಲಿನ ಹಬೆ ಇರುವಲ್ಲಿ ಕಿಡಿ ಪರೀಕ್ಷೆ ಮನೆಯಲ್ಲಿ ಬೇಡ. ಮೆಕ್ಯಾನಿಕ್‌ಗೆ "ಬಿಸಿಯಾಗಿ ನಿಂತ ಕೂಡಲೇ ಕಿಡಿ ನೋಡಿ, ಆರಿದ ಮೇಲೆ ನೋಡಿದರೆ ಸರಿಯಿರುತ್ತದೆ" ಎಂದು ಹೇಳಿ. ಈ ಒಂದು ವಾಕ್ಯ ಹೇಳಿದರೆ ಅವರು ನಿಮ್ಮ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ.

ಅಷ್ಟಕ್ಕೆ ಎಲ್ಲವೂ ಮುಗಿಯಲಿಲ್ಲ. ಹುಡುಗ ಬಾವಿಯ ದಾರಿ ಹೆರೆದು, ತೋಟದ ಇಳಿಜಾರಿಗೆ ಹೋಗಿ ಮೆಷಿನ್ ವಾಲಿಸಿದಾಗ ಪುನಃ ನಿಂತಿತು. ನೇರ ಮಾಡಿದರೆ ಸರಿ. ವಾಲಿಸಿದಾಗ ಅಥವಾ ಟ್ಯಾಂಕು ಕಾಲುಭಾಗಕ್ಕೆ ಇಳಿದಾಗ ನಿಲ್ಲುವುದಾದರೆ ಪೆಟ್ರೋಲ್ ಪೈಪು ಎಲ್ಲೋ ಬಿರಿದು ಗಾಳಿ ಎಳೆಯುತ್ತಿರಬಹುದು. ನೋಡಿದರೆ ಟ್ಯಾಂಕಿನೊಳಗಿನ ಪೈಪು ಗಟ್ಟಿಯಾಗಿ, ಬಗ್ಗಿಸಿದಲ್ಲಿ ಬಿರುಕು ಬಿಟ್ಟಿತ್ತು. ಮಾರನೆಯ ದಿನ ಪೇಟೆಯಿಂದ ಅದೇ ಅಳತೆಯ ಪೈಪಿನ ತುಂಡು ತರಿಸಿದರು.

ಪೈಪು ಹೀಗಾಗುವುದಕ್ಕೆ ವಯಸ್ಸು ಒಂದು ಕಾರಣ, ಪೆಟ್ರೋಲ್ ಇನ್ನೊಂದು. ನಮ್ಮ ದೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ಆರಂಭವಾಯಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಆದರೆ ಅನೇಕ ಸಣ್ಣ ಇಂಜಿನ್‌ಗಳ ಕೈಪಿಡಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದು ಬರೆದಿರುತ್ತದೆ. ಹಳೆಯ ರಬ್ಬರನ್ನು ಅದು ಕೆಡಿಸುತ್ತದೆ. ಇನ್ನೊಂದು ತೊಂದರೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರಾಗುವಾಗ ಅರ್ಧ ಖಾಲಿ ಪೆಟ್ರೋಲ್ ಕ್ಯಾನಿನ ಗತಿ ಏನು? ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಸೇರಿ ಅಡಿಯಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಫಿಲ್ಟರ್ ಇರುವುದೂ ಅಡಿಯಲ್ಲೇ. ಮೆಷಿನ್ ಮೊದಲು ಕುಡಿಯುವುದು ಅದನ್ನೇ. ಸಂಶಯ ಬಂದರೆ, ಬೆಂಕಿಯಿಂದ ದೂರ, ಹೊರಗೆ, ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಅಲುಗಾಡಿಸದೆ ಇಟ್ಟು ನೋಡಿ. ಎರಡು ಪದರ ಕಂಡರೆ ಆ ಪೆಟ್ರೋಲ್ ಬಳಸಬೇಡಿ. ಬೇಕಾದಷ್ಟನ್ನೇ ತರಿಸಿ, ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಎಣ್ಣೆಯ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಟೂ ಸ್ಟ್ರೋಕ್ ಮೆಷಿನ್‌ಗೆ ಪೆಟ್ರೋಲಿನಲ್ಲೇ ಟೂಟಿ ಎಣ್ಣೆ ಬೆರೆಸಬೇಕು. ಕೈಪಿಡಿಯಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿಲಿ, 50:1 ಎಂದಿದ್ದರೆ 20 ಮಿಲಿ. ಮಕ್ಕಳ ಸಿರಪ್ಪಿನ ಅಳತೆ ಮುಚ್ಚಳ ಒಂದನ್ನು ಇದಕ್ಕೆಂದೇ ತೆಗೆದಿಡಿ, ಪುನಃ ಔಷಧಿಗೆ ಬಳಸದಂತೆ ಗುರುತು ಮಾಡಿ. "ಇನ್ನೂ ಸ್ವಲ್ಪ ಇರಲಿ" ಎಂದು ಹೆಚ್ಚು ಸುರಿದರೆ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಹೊಗೆ ಹೊರಹೋಗದೆ ಮೆಷಿನ್ ನಿಲ್ಲುತ್ತದೆ. ಕಡಿಮೆಯಾದರೆ ಇಂಜಿನ್ ಒಳಗೇ ಹಿಡಿದುಕೊಳ್ಳುತ್ತದೆ. ಮತ್ತೆ ರಿಪೇರಿ ಎಂಬುದಿಲ್ಲ, ಹೊಸತೇ ಕೊಳ್ಳಬೇಕಾದೀತು. ಫೋರ್ ಸ್ಟ್ರೋಕ್ ಆದರೆ ಎಣ್ಣೆಗೆ ಬೇರೆಯೇ ಜಾಗ, ಪೆಟ್ರೋಲಿಗೆ ಬೆರೆಸಲೇಬಾರದು.

ಹುಲ್ಲುಹಾಸಿನ ಲಾನ್ ಮೋವರ್ ನಮ್ಮ ಮನೆಗಳಲ್ಲಿ ಅಪರೂಪ. ಊರ ಶಾಲೆ ಅಥವಾ ಸಭಾಭವನದಲ್ಲಿ ಇದ್ದೀತು. ಅದು ಸಾಮಾನ್ಯವಾಗಿ ಫೋರ್ ಸ್ಟ್ರೋಕ್. ಅದರ ಕಾರ್ಬುರೇಟರಿನ ಕೆಳಗೆ ಬಟ್ಟಲಿನಂತಹ ಭಾಗವಿದ್ದು ನೀರು, ತುಕ್ಕು ಎಲ್ಲ ಅಲ್ಲಿ ಇಳಿದು ಕುಳಿತುಕೊಳ್ಳುತ್ತದೆ. ಬಿಟ್ಟು ಬಿಟ್ಟು ಓಡಿದರೆ ಆ ಬಟ್ಟಲು ಶುಚಿ ಮಾಡಿಸಬೇಕು. ಅಡಿಯಲ್ಲಿ ಹಸಿ ಹುಲ್ಲು ಗಟ್ಟಿಯಾಗಿ ಬ್ಲೇಡನ್ನು ಹಿಡಿದರೂ ನಿಲ್ಲುತ್ತದೆ. ಅದನ್ನು ಕೆರೆಯಲು ಮಗುಚುವಾಗ ಗಾಳಿಯ ಫಿಲ್ಟರ್ ಇರುವ ಬದಿ ಮೇಲೆ ಇರಲಿ, ಇಲ್ಲದಿದ್ದರೆ ಎಣ್ಣೆ ಫಿಲ್ಟರಿಗೆ ಇಳಿಯುತ್ತದೆ.

ಒಂದು ವಿಷಯಕ್ಕೆ ಮಾತ್ರ ನಾದಿನಿಯನ್ನು ಗದರಿಸಿಯೇ ಬಂದೆ. ಉಳಿದ ಪೆಟ್ರೋಲನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿಸಿ ಅಡುಗೆಮನೆಯ ಹೊರಗಿನ ಕಟ್ಟೆಯಲ್ಲಿ ಇಟ್ಟಿದ್ದಳು. ಎಣ್ಣೆ ಬೆರೆತದ್ದರಿಂದ ಅದಕ್ಕೆ ಬಣ್ಣ ಬೇರೆ, ಶರಬತ್ತಿನ ಹಾಗೆ! ಅವಳ ಚಿಕ್ಕವಳಿಗೆ ನಾಲ್ಕು ವರ್ಷ. ಪೆಟ್ರೋಲಿಗೆ ಅದರದ್ದೇ ಕ್ಯಾನ್ ಇರಲಿ, ಒಲೆಯಿಂದ, ನೀರು ಕಾಯಿಸುವ ಬಚ್ಚಲಿನಿಂದ ದೂರ, ಬೀಗ ಹಾಕುವ ಕೊಟ್ಟಿಗೆಯಲ್ಲಿ. ಮಗು ಒಂದು ಗುಟುಕು ಕುಡಿದರೂ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ಕೂಡಲೇ ಆಸ್ಪತ್ರೆಗೆ ಕೊಂಡುಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಬಿಸಿ ಮೆಷಿನ್‌ಗೆ ಪೆಟ್ರೋಲ್ ತುಂಬುವುದು, ಮನೆಯೊಳಗೆ ತುಂಬುವುದು, ಎರಡೂ ಬೇಡ. ಹೆರೆಯುವ ಹುಡುಗ ಕನ್ನಡಕ, ಬೂಟು ಹಾಕಿಕೊಳ್ಳಲಿ. ಅವನು ಹೆರೆಯುತ್ತಿರುವಾಗ ಮಕ್ಕಳು ಅಂಗಳದಲ್ಲೂ ಇರಬಾರದು. ಬ್ಲೇಡಿಗೆ ತಾಗಿದ ಕಲ್ಲು ದೂರಕ್ಕೆ ಹಾರುತ್ತದೆ.

ಮಳೆ ಮುಗಿದು ಮೆಷಿನ್ ಎತ್ತಿಡುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಕ್ಯಾನಿಗೆ ಸುರಿದು, ಸ್ಟಾರ್ಟ್ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದೂ ಮುಗಿದು ಅದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಅದು ನಿಂತರೆ ನಮಗೆ ಸಂತೋಷವಾಗುವುದು ಆ ಒಂದು ದಿನ ಮಾತ್ರ. ಪೆಟ್ರೋಲ್ ಒಳಗೇ ಉಳಿದರೆ ಆರಿ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ, ಮುಂದಿನ ಜೂನ್‌ನಲ್ಲಿ ಪುನಃ ಪೇಟೆಗೆ ಆಟೋ ಹಿಡಿಯಬೇಕಾಗುತ್ತದೆ. ನಾದಿನಿ ಹಾಗೆಯೇ ಮಾಡಿದ್ದಾಳಂತೆ. ಕೊಟ್ಟಿಗೆಯ ಗೋಡೆಗೆ ಮಗಳ ನೋಟುಪುಸ್ತಕದ ಹಾಳೆಯೊಂದನ್ನು ಅಂಟಿಸಿದ್ದಾಳೆ. ಎಣ್ಣೆಯ ಅಳತೆ, ಪೈಪು ಬದಲಿಸಿದ ತಾರೀಕು, ಫಿಲ್ಟರ್ ತೊಳೆದ ದಿನ, ಕೆಳಗೆ ದೊಡ್ಡ ಅಕ್ಷರದಲ್ಲಿ "ನಿಂತರೆ ಗಂಟೆ ನೋಡಿ" ಎಂದು ಬರೆದಿದ್ದಾಳೆ.